ಸತ್ಯಾಂಶ: ಕೊಲೆಸ್ಟ್ರಾಲ್ ಸಿರಿವಂತರಿಗಷ್ಟೇ ಬರುವುದಲ್ಲ

‘ಮೈಮುರಿದು ದುಡಿಯುವ ಬಡವರಿಗೆ ಕೊಲೆಸ್ಟ್ರಾಲ್ ಬರಲ್ಲ, ಅದು ಕೂತು ತಿನ್ನುವವರ ಕಾಯಿಲೆ’ ಎಂಬ ವಾಟ್ಸಾಪ್ ಸಂದೇಶ ತಪ್ಪು.

ಫಿನ್ಲೆಂಡಿನ ಉತ್ತರ ಕರೇಲಿಯಾ ನೋಡಿ. ಮರ ಕಡಿದು, ಹಸು ಸಾಕಿ ಬದುಕುತ್ತಿದ್ದ ಬಡ ಸೀಮೆ. ಬ್ರೆಡ್ಡಿಗೆ ದಪ್ಪಗೆ ಬೆಣ್ಣೆ, ಊಟದ ಜೊತೆ ಕೆನೆಗಟ್ಟಿದ ಹಾಲು, ಸೋಸದೆ ಕುದಿಸಿದ ಕಾಫಿ (ಇದೂ ಕೊಲೆಸ್ಟ್ರಾಲ್ ಏರಿಸುತ್ತದೆ). 1972ರಲ್ಲಿ ಅಲ್ಲಿನ ಗಂಡಸರ ರಕ್ತದಲ್ಲಿ ಕೊಲೆಸ್ಟ್ರಾಲಿನ ಸರಾಸರಿ ಮಟ್ಟ ಡೆಸಿಲೀಟರಿಗೆ 260 ಮಿ.ಗ್ರಾಂ ದಾಟಿತ್ತು, ದುಡಿಯುವ ವಯಸ್ಸಿನಲ್ಲೇ ಹೃದಯಾಘಾತದಿಂದ ಸಾಯುತ್ತಿದ್ದರು. ಬೆಣ್ಣೆಯ ಬದಲು ಸಸ್ಯದ ಎಣ್ಣೆ, ಕೆನೆ ತೆಗೆದ ಹಾಲು, ಸೋಸಿದ ಕಾಫಿ ಬಳಕೆಗೆ ಬಂದಂತೆ ಆ ಮಟ್ಟ ಇಳಿಯಿತು.

ದುಡಿಮೆ ಹೃದಯಕ್ಕೆ ಖಂಡಿತ ಒಳ್ಳೆಯದು. ಆದರೆ ತಟ್ಟೆಯಲ್ಲಿರುವ ಕೊಬ್ಬಿನ ಪರಿಣಾಮವನ್ನು ಅದು ಪೂರ್ತಿ ಅಳಿಸದು. ನಮ್ಮಲ್ಲಿ ಅಗ್ಗಕ್ಕೆ ಸಿಗುವ ತಾಳೆ ಎಣ್ಣೆಯಲ್ಲೂ ಸುಮಾರು ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬಿದೆ (ಬೆಣ್ಣೆಯಲ್ಲಿರುವಂಥ, ಕೊಲೆಸ್ಟ್ರಾಲ್ ಏರಿಸುವ ಕೊಬ್ಬು). ಕೂಲಿಗೆ ಹೋಗುವವರೂ ರಕ್ತಪರೀಕ್ಷೆ ಮಾಡಿಸಿಕೊಳ್ಳಲಿ.