ನಡುರಾತ್ರಿ ಒಂದೂವರೆಗೆ ಪಂದ್ಯ

ನಿನ್ನೆ ರಾತ್ರಿಗೆ ಸಾಕಾಗಿ ಹೋಯ್ತು. ಚಾಂಪಿಯನ್ಸ್ ಲೀಗ್ ಫುಟ್ಬಾಲ್ ಪಂದ್ಯ ಮಧ್ಯ ಯುರೋಪಿನವರಿಗೆ ರಾತ್ರಿ 9ಕ್ಕೆ, ನಮಗೆ 1.30ಕ್ಕೆ. ಅಕ್ಟೋಬರ್ ಕೊನೇ ಭಾನುವಾರದವರೆಗೆ 12.30 ಆದರೂ ಇತ್ತು. ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದರೆ ನನ್ನ ನಿದ್ದೆ ಯಾಕೆ ಇನ್ನೊಂದು ಗಂಟೆ ಹಾಳಾಗಬೇಕು? ಮನೆಯವರು ಏಳಬಾರದೆಂದು ಟಿವಿ ಸದ್ದು ಪೂರ್ತಿ ಬಂದ್. ಗೋಲು ಬಿದ್ದಾಗ ದಿಂಬನ್ನು ಬಾಯಿಗೆ ಒತ್ತಿಕೊಂಡು ಕೂಗಿದೆ, ಹಲ್ಲಿಗೆ ಹತ್ತಿಯ ರುಚಿ ಹತ್ತುವಷ್ಟು. ವಿಡಿಯೋ ನೋಡಿ ತೀರ್ಪು ಪರಿಶೀಲಿಸುವ ವಿಎಆರ್ ನಾಲ್ಕು ನಿಮಿಷ ಎಳೆದು ಅದನ್ನೂ ಆಫ್‌ಸೈಡ್ ಅಂತ ರದ್ದು ಮಾಡಿಬಿಟ್ಟಿತು. ಆಮೇಲೆ 93ನೇ ನಿಮಿಷದಲ್ಲಿ ಒಂದು ಕಾರ್ನರ್, ಒಂದು ಹೆಡರ್, ಸೋಲು. ಇಷ್ಟು ಹೊತ್ತು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದದ್ದು ಇದಕ್ಕಾ? ಮೂರೂವರೆಗೆ ಮಲಗಿದರೂ ನಿದ್ದೆ ಎಲ್ಲಿಂದ ಬರಬೇಕು? ಬೆಳಿಗ್ಗೆ ಆಫೀಸಿನಲ್ಲಿ, "ಕಣ್ಣು ಕೆಂಪಗಿದೆಯಲ್ಲ, ಹುಷಾರಿಲ್ವಾ?" ಅಂತಾರೆ. ಏನಂತ ಹೇಳಲಿ?