ಕೆಲಸ ಬಿಟ್ಟವರ ಬಾಕಿ ಸಂಬಳ ಎರಡೇ ದಿನದಲ್ಲಿ ಕೊಡಬೇಕೇ?

ಪರ: ಐದು ಸಲ ಬಸ್ಸು ಹತ್ತಿಸಿದ ಸಂಬಳ

ಸುರತ್ಕಲ್‌ನಿಂದ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಗೆ ಬಸ್ಸು. ಅಲ್ಲಿಂದ ಹಂಪನಕಟ್ಟೆಗೆ ನಡಿಗೆ. ಕೆಲಸ ಬಿಟ್ಟ ಮೇಲೆ ಈ ದಾರಿಯಲ್ಲಿ ಐದು ಸಲ ಹೋಗಿದ್ದೇನೆ, ನನ್ನದೇ ಸಂಬಳ ಕೇಳಲು. ಬಟ್ಟೆ ಅಂಗಡಿಯಲ್ಲಿ ನಾಲ್ಕು ವರ್ಷ ಸೀರೆ ಬಿಡಿಸಿ, ಮಡಚಿ, ಮತ್ತೆ ಬಿಡಿಸಿದವಳು ನಾನು. ಒಂದು ತಿಂಗಳ ಮೊದಲೇ ಹೇಳಿ ಬಿಟ್ಟಿದ್ದೆ. ಮೊದಲ ಸಲ ‘ಧಣಿ ಇಲ್ಲ, ಸೋಮವಾರ ಬನ್ನಿ’. ಆಮೇಲೆ ‘ಅಕೌಂಟೆಂಟ್ ರಜೆ’. ಐದನೇ ಸಲ ಕವರ್ ಸಿಕ್ಕಿತು. 11,500 ಬರಬೇಕಿತ್ತು, ಒಳಗೆ 9,200. ಕವರಿನ ಹಿಂದೆ ಪೆನ್ಸಿಲಿನಲ್ಲಿ ‘ಶಾರ್ಟೇಜ್’ ಅಂತ ಬರೆದಿತ್ತು. ಯಾವ ಸೀರೆ, ಯಾವತ್ತು ಕಡಿಮೆ ಬಂತು ಅಂದರೆ ಯಾರೂ ಬಾಯಿ ಬಿಡಲಿಲ್ಲ.

1936ರ ವೇತನ ಪಾವತಿ ಕಾಯ್ದೆಯಲ್ಲಿ ಎರಡು ದಿನದ ಗಡುವು ಇದ್ದದ್ದು ಮಾಲೀಕರು ತೆಗೆದುಹಾಕಿದವರಿಗೆ. ನನ್ನ ಹಾಗೆ ತಾವಾಗಿ ಬಿಟ್ಟವರಿಗೆ ಇರಲಿಲ್ಲ. 2019ರ ವೇತನ ಸಂಹಿತೆ ಅದನ್ನು ಸರಿಮಾಡಿತು. ಜಾರಿಯಾಗಲು 2025ರ ನವೆಂಬರ್ 21ರವರೆಗೆ ಕಾಯಬೇಕಾಯಿತು, ಇರಲಿ. ಈಗ ತೆಗೆದರೂ, ಬಿಟ್ಟರೂ, ಅಂಗಡಿಯೇ ಮುಚ್ಚಿದರೂ ಎರಡು ಕೆಲಸದ ದಿನಗಳೊಳಗೆ ಸಂಬಳ ಕೊಡಬೇಕು. ನಷ್ಟ ಅಂತ ಮುರಿಯುವ ಮೊದಲು ನೌಕರರ ಮಾತು ಕೇಳಬೇಕು. ಕೊಡದಿದ್ದರೆ ಬಾಕಿಯ ಹತ್ತು ಪಟ್ಟಿನವರೆಗೆ ಪರಿಹಾರ ಹಾಕಲು ಅಧಿಕಾರಿಗೆ ಅವಕಾಶ ಉಂಟು.

ಮಾಲೀಕರಿಗೆ ಲೆಕ್ಕ ಮಾಡಲು ಸಮಯ ಬೇಕಂತೆ! ರಾತ್ರಿ ಗಲ್ಲಾಪೆಟ್ಟಿಗೆಯ ಲೆಕ್ಕ ಹತ್ತು ನಿಮಿಷಕ್ಕೆ ಮುಗಿಯುತ್ತದೆ, ನಾನೇ ನೋಡಿದ್ದೇನೆ. ಒಬ್ಬಳ ಮೂವತ್ತು ದಿನ ಎಣಿಸಲು ತಿಂಗಳು ಬೇಕಾ ಮಾರಾಯ್ರೆ? ಹೇಳದೆ ಕೇಳದೆ ಓಡುವವರ ಕತೆ ಏನು ಅಂತ ಕೆಲವರು ಕೇಳ್ತಾರೆ. ಅದು ಬೇರೆಯೇ ವಿಷಯ, ಬಿಡಿ. ನನ್ನ 2,300 ಎಲ್ಲಿ ಅಂತ ಮೊದಲು ಹೇಳಲಿ.

ವಿರೋಧ: ಪರ್ಯಾಯದ ಹಿಂದಿನ ದಿನ

‘ವಿರೋಧ ಬರೆಯಲು ಯಾರೂ ಸಿಗ್ತಿಲ್ಲ, ನಿಮ್ಮದು ಹೋಟೆಲ್ ಅಲ್ವಾ’ ಅಂದರು ಈ ಚರ್ಚೆ ನಡೆಸುವವರು. ಒಪ್ಪಿದೆ. ಸಂಬಳ ಹಿಡಿದಿಡುವುದು ನನಗೂ ಇಷ್ಟವಿಲ್ಲ. ಆದರೆ ಎರಡೇ ದಿನ ಅಂದರೆ ಸಣ್ಣವರಿಗೆ ಕಷ್ಟ. ನಮ್ಮಲ್ಲಿ ಅಕೌಂಟೆಂಟ್ ಅಂದರೆ ನನ್ನ ಹೆಂಡತಿ.

ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಪರ್ಯಾಯ, ಅಂದರೆ ಕೃಷ್ಣ ಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ. ಹಿಂದಿನ ರಾತ್ರಿ ಊರೇ ಮಲಗುವುದಿಲ್ಲ, ನಮಗೆ ಸುಗ್ಗಿ. ಈ ಸಲ 17ರ ಬೆಳಿಗ್ಗೆ ನಮ್ಮ ದೋಸೆ ಹೊಯ್ಯುವವ ಏಪ್ರನ್ ಮೊಳೆಗೆ ಸಿಕ್ಕಿಸಿ ಹೋದವ ಬರಲೇ ಇಲ್ಲ. ಫೋನ್ ಸ್ವಿಚ್ ಆಫ್. ಮೂರು ಬಾಲ್ದಿ ಹಿಟ್ಟು ಉಬ್ಬಿ ಮುಚ್ಚಳ ಎತ್ತಿತ್ತು. ನಾನೇ ಕಾವಲಿ ಎದುರು ನಿಂತೆ. ಮೊದಲ ಇಪ್ಪತ್ತು ದೋಸೆ ತಟ್ಟೆಗೆ ಹಾಕುವ ಹಾಗಿರಲಿಲ್ಲ.

ಅವನ ಮೇಲೆ 15,000 ಅಡ್ವಾನ್ಸ್ ಇತ್ತು. ಹದಿನಾರು ದಿನದ ಸಂಬಳದಲ್ಲಿ ಮುರಿಯುವ ಅಂದರೆ ಅರ್ಧಕ್ಕಿಂತ ಜಾಸ್ತಿ ಹಿಡಿಯುವಂತಿಲ್ಲ. ಉಳಿದ ಅರ್ಧವನ್ನು ಎರಡು ದಿನದಲ್ಲಿ ನಾನೇ ಅವನನ್ನು ಹುಡುಕಿ ಕೊಡಬೇಕಾ? ಹದಿನೈದು ದಿನವಾದರೂ ಇರಲಿ ಅಂತ ನನ್ನ ವಾದ.

ವಾರ ಬಿಟ್ಟು ಬಂದ. ತಾಯಿಗೆ ಹುಷಾರಿಲ್ಲ ಅಂದನಂತೆ. ನಾನು ಮಾರ್ಕೆಟಿಗೆ ಹೋಗಿದ್ದೆ, ಹೆಂಡತಿ ಪೂರ್ತಿ ಸಂಬಳ ಎಣಿಸಿ ಕೊಟ್ಟು ಕಳಿಸಿದ್ದಳು. ಅಡ್ವಾನ್ಸ್ ಇನ್ನೂ ಬಂದಿಲ್ಲ. ದೋಸೆ ಈಗಲೂ ನಾನೇ ಹೊಯ್ಯುವುದು, ಸುಮಾರು ಗುಂಡಗೆ ಬರ್ತದೆ.