ಅರ್ಧ ವಾಕ್ಯದ ಕಥೆ ಕೈತಪ್ಪಿತು

ಲೇಖಕರ ಹೆಸರು ಹೇಳಲ್ಲ. ಅವರ ಹಿಂದಿನ ಪತ್ತೇದಾರಿ ಕಾದಂಬರಿಗಳನ್ನೆಲ್ಲ ಒಂದೊಂದೇ ರಾತ್ರಿಗೆ ಓದಿ ಮುಗಿಸಿದವನು ನಾನು, ಆ ಋಣ ಇದೆ. ಪೊಲೀಸ್ ಸ್ಟೇಷನ್ನಿನ ಒಳಗನ್ನು ಅವರಷ್ಟು ಚೆನ್ನಾಗಿ ಬರೆಯೋರು ಕಡಿಮೆ. ಈ ಸಲದ್ದು ಕೋರ್ಟ್ ಕಥೆ ಅಂತ ಗೊತ್ತಾದಾಗ, ದಾವಣಗೆರೆಯಲ್ಲಿ 22 ವರ್ಷ ವಕೀಲರ ಗುಮಾಸ್ತನಾಗಿ ಫೈಲು ಹೊತ್ತ ನನಗೆ ಹಬ್ಬ ಅಂದುಕೊಂಡೆ.

ಕೊಲೆ, ಮಹಜರು, ಹುಡುಕಾಟ, ಅಲ್ಲಿವರೆಗೂ ಹಬ್ಬವೇ. ಕೇಸು ಕೋರ್ಟಿಗೆ ಬಂತು, ಕೆಟ್ಟಿತು. ಜಡ್ಜ್ ಸುತ್ತಿಗೆ ಕುಟ್ಟುತ್ತಾರೆ! ನಾನು ಸುತ್ತಿಗೆ ನೋಡಿದ್ದು ಬಡಗಿ ಕೈಯಲ್ಲಿ ಮಾತ್ರ. ಹೋಗಲಿ, ಸಿನಿಮಾ ನೋಡಿ ಬರೆದಿರಬೇಕು.

ತಡೆಯೋಕಾಗದ್ದು ಕ್ಲೈಮ್ಯಾಕ್ಸ್. ಇನ್‌ಸ್ಪೆಕ್ಟರ್ ಕಟಕಟೆ ಹತ್ತಿ, ಆರೋಪಿ ಸ್ಟೇಷನ್ನಿನಲ್ಲಿ ಕೊಟ್ಟ ತಪ್ಪೊಪ್ಪಿಗೆ ಓದುತ್ತಾನೆ, ಜೀವಾವಧಿ ಆಗುತ್ತೆ. ಕಥೆ ನಡೆಯೋದು 2016ರಲ್ಲಿ. ಆಗಿನ 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಪ್ರಕಾರ ಪೊಲೀಸರ ಮುಂದೆ ಒಪ್ಪಿಕೊಂಡಿದ್ದನ್ನು ಆರೋಪಿಯ ವಿರುದ್ಧ ರುಜುವಾತು ಮಾಡೋ ಹಾಗೇ ಇಲ್ಲ. 2024ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯಲ್ಲೂ ಅದೇ, ನಂಬರ್ 23 ಆಗಿದೆ ಅಷ್ಟೆ. ಕಾದಂಬರಿಯ ವಕೀಲ ಬೆವರು ಒರೆಸಿಕೊಂಡು ಕೂತಿರುತ್ತಾನೆ. ನಿನ್ನೆ ಸನ್ನದು ತಗೊಂಡ ಜೂನಿಯರ್ ಹುಡುಗಿಯೂ ಎದ್ದು ನಿಂತಿರೋಳು.

ಹೊಟ್ಟೆ ಉರಿದಿದ್ದು ಯಾಕಂದ್ರೆ, ಎರಡೇ ಕಲಂ ಆಚೆ, 27ರಲ್ಲಿ, ಬಂಗಾರದಂಥ ಕಥೆ ಬಿದ್ದಿತ್ತು. ಆರೋಪಿ ಹೇಳಿದ್ದರಿಂದ ವಸ್ತು ಸಿಕ್ಕರೆ, ಸಿಗೋಕೆ ಕಾರಣವಾದ ಮಾತಷ್ಟೇ ಲೆಕ್ಕಕ್ಕೆ. ಬ್ರಿಟಿಷರ ಕಾಲದ ಕೊನೇ ಅಪೀಲು ಕೋರ್ಟಾದ ಪ್ರಿವಿ ಕೌನ್ಸಿಲ್‌ನ ಪುಲುಕುರಿ ಕೊಟ್ಟಯ್ಯ ಕೇಸು, 1947ರ ಎ.ಐ.ಆರ್. ತೀರ್ಪುಗಳ ಸಂಪುಟ, ಎಷ್ಟು ಸಲ ಕಪಾಟಿನಿಂದ ಇಳಿಸಿಕೊಟ್ಟಿದ್ದೀನೋ. ‘ಅವನಿಗೆ ಇರಿದ ಚಾಕು ಬಣವಿಯಾಗ ಇಟ್ಟೀನಿ’ ಅಂದರೆ ‘ಅವನಿಗೆ ಇರಿದ’ ಅನ್ನೋದು ಹೋಯ್ತು, ‘ಬಣವಿಯಾಗ ಇಟ್ಟೀನಿ’ ಉಳೀತು. ಒಂದೇ ವಾಕ್ಯ, ಅರ್ಧ ಒಳಗೆ, ಅರ್ಧ ಹೊರಗೆ.

ಅದೂ ಉಳಿಯುತ್ತೆ ಅನ್ನೋ ಖಾತ್ರಿ ಇಲ್ಲ. ಒಂದು ಕೇಸಿನಲ್ಲಿ ನಮ್ಮ ಸಾಹೇಬರು ಪಾಟೀ ಸವಾಲಿಗೆ ಎದ್ದು, ಚಾಕು ಸಿಕ್ಕಾಗ ಅಲ್ಲಿದ್ದೆ ಅಂತ ಮಹಜರಿಗೆ ಸಹಿ ಹಾಕಿದ್ದ ಪಂಚನಿಗೆ ಮಳೆ, ದನ, ಮೇವು ಅಂತ ಏನೇನೋ ಕೇಳಿ, ಕೊನೆಗೆ ಬಣವಿ ಯಾವ ದಿಕ್ಕಿಗಿತ್ತು ಅಂದರು. ‘ನಾ ಬಣವಿ ಹತ್ರ ಹೋಗೇ ಇಲ್ರೀ ಸಾಹೇಬ್ರ, ಚಾಕು ಸ್ಟೇಷನ್ನಾಗೇ ನೋಡಿದ್ದು, ಸಹಿ ಮಾಡು ಅಂದ್ರು, ಮಾಡಿದೆ.’ ಸ್ಟೆನೋ ಟೈಪ್ ಮಾಡೋದು ನಿಲ್ಲಿಸಿ ತಲೆ ಎತ್ತಿದರು. ಇಂಥದ್ದೊಂದು ಪುಟ ಆ ಕಾದಂಬರಿಯಲ್ಲಿಲ್ಲ.

ಮೊನ್ನೆ ಸಂಜೆ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಸಾಹೇಬರ ಮನೆಗೆ ಹೋಗಿ ಆ ಕೊನೇ ಅಧ್ಯಾಯ ಓದಿ ಹೇಳಿದೆ. ಪೂರ್ತಿ ಕೇಳಿ, ಕೈ ಒರೆಸಿಕೊಂಡು ಕೇಳಿದರು: ‘ಅಲ್ಲಪ್ಪಾ, ಈ ಹುಡುಗನ ಪರ ಹೈಕೋರ್ಟಿಗೆ ಅಪೀಲ್ ಹಾಕ್ಯಾರೇನು?’